ಮೂಲೆಗಂಬವಿಲ್ಲದ 59 ಮಹಡಿ: ನ್ಯೂಯಾರ್ಕ್‌ನ ಸಿಟಿಕಾರ್ಪ್ ಕಟ್ಟಡ ರಾತ್ರೋರಾತ್ರಿ ರಿಪೇರಿಯಾದ ಕಥೆ ಗೊತ್ತೇ?

ನ್ಯೂಯಾರ್ಕ್‌ನ ಮ್ಯಾನ್‌ಹಟನ್ ಫೋಟೊಗಳಲ್ಲಿ ಎಂಪೈರ್ ಸ್ಟೇಟ್ ಮತ್ತು ಕ್ರೈಸ್ಲರ್ ಕಟ್ಟಡಗಳ ಮೊನಚು ತುದಿಗಳನ್ನು ಯಾರಾದರೂ ಗುರುತಿಸುತ್ತಾರೆ. ಅವುಗಳ ಉತ್ತರಕ್ಕೆ ಸ್ವಲ್ಪ ಕಣ್ಣು ಹಾಯಿಸಿದರೆ ಬೆಳ್ಳಿ ಬಣ್ಣದ ಇನ್ನೊಂದು ಗಗನಚುಂಬಿ ಕಾಣುತ್ತದೆ. ಅದಕ್ಕೆ ಮೊನಚು ತುದಿಯೂ ಇಲ್ಲ, ಮಟ್ಟಸವಾದ ಚಾವಣಿಯೂ ಇಲ್ಲ. ತಲೆಯನ್ನು ಕತ್ತಿಯಿಂದ ಓರೆಯಾಗಿ ಕತ್ತರಿಸಿದಂತಿದೆ. ಅದೇ ಸಿಟಿಕಾರ್ಪ್ ಸೆಂಟರ್. ಈಗ ಅದರ ಅಧಿಕೃತ ಹೆಸರು 601 ಲೆಕ್ಸಿಂಗ್ಟನ್ ಅವೆನ್ಯೂ.

ದೂರದಿಂದ ಕಾಣುವುದು ಈ ಓರೆ ತಲೆ ಮಾತ್ರ. ಕಟ್ಟಡದ ನಿಜವಾದ ಕಥೆ ಇರುವುದು ಬುಡದಲ್ಲಿ. 1978ರ ಮಳೆಗಾಲದ ಹೊತ್ತಿಗೆ, ಉದ್ಘಾಟನೆಯಾಗಿ ಒಂದು ವರ್ಷವೂ ತುಂಬದ ಈ ಕಟ್ಟಡ ದೊಡ್ಡ ಬಿರುಗಾಳಿಗೆ ಉರುಳಬಹುದು ಎಂಬುದು ಅದನ್ನು ವಿನ್ಯಾಸ ಮಾಡಿದ ಎಂಜಿನಿಯರ್‌ಗೆ ಗೊತ್ತಾಯಿತು. ಒಳಗೆ ಕೆಲಸ ಮಾಡುತ್ತಿದ್ದ ಸಾವಿರಾರು ಜನರಿಗೆ ಗೊತ್ತಾಗಲಿಲ್ಲ. ಕೆಲವೇ ತಿಂಗಳಲ್ಲಿ ರಿಪೇರಿ ಮುಗಿಯಿತು. ಆದರೆ ವಿಷಯ ಹೊರಬೀಳಲು 17 ವರ್ಷ ಬೇಕಾಯಿತು. ಎಂಜಿನಿಯರಿಂಗ್ ತರಗತಿಗಳಲ್ಲಿ ಇಂದಿಗೂ ಚರ್ಚೆಯಾಗುವ ಈ ಪ್ರಕರಣದ ವಿವರ ಇಲ್ಲಿದೆ.

ಸ್ಕೈಲೈನ್‌ನಲ್ಲಿ ಎದ್ದು ಕಂಡಿದ್ದೇಕೆ?

1930ರ ಆಸುಪಾಸಿನಲ್ಲಿ ಕಟ್ಟಿದ ನ್ಯೂಯಾರ್ಕ್‌ನ ಗಗನಚುಂಬಿಗಳಿಗೆ ಗೋಪುರದಂತಹ ತುದಿ ಇರುತ್ತಿತ್ತು. ಎರಡನೇ ಮಹಾಯುದ್ಧದ ನಂತರ ಈ ರೂಢಿ ಬದಲಾಯಿತು. 1952ರಲ್ಲಿ ಲೀವರ್ ಹೌಸ್, 1958ರಲ್ಲಿ ಸೀಗ್ರಾಮ್ ಕಟ್ಟಡ ಪಾರ್ಕ್ ಅವೆನ್ಯೂದಲ್ಲಿ ಎದ್ದವು. ಎರಡೂ ಗಾಜು ಮತ್ತು ಲೋಹದ ಚೌಕ ಪೆಟ್ಟಿಗೆಗಳು, ಮೇಲೆ ಮಟ್ಟಸವಾದ ಚಾವಣಿ. ಮುಂದಿನ ಎರಡು ದಶಕ ಕಚೇರಿ ಕಟ್ಟಡ ಎಂದರೆ ಹೀಗೇ ಇರಬೇಕು ಎಂಬಂತಾಯಿತು.

1970ರ ದಶಕದ ಮಧ್ಯದಲ್ಲಿ ನ್ಯೂಯಾರ್ಕ್ ನಗರಾಡಳಿತವೇ ದಿವಾಳಿಯ ಅಂಚಿಗೆ ಬಂದಿತ್ತು. ಅಂತಹ ಹೊತ್ತಿನಲ್ಲಿ ಸಿಟಿಕಾರ್ಪ್ ಬ್ಯಾಂಕ್ ತನ್ನ ಹೊಸ ಕಟ್ಟಡ ಎಬ್ಬಿಸಿತು. ವಾಸ್ತುಶಿಲ್ಪಿ ಹ್ಯೂ ಸ್ಟಬಿನ್ಸ್. ಎತ್ತರ 915 ಅಡಿ, ಅಂದರೆ ಸುಮಾರು 279 ಮೀಟರ್. 59 ಮಹಡಿ. 1977ರಲ್ಲಿ ಬಾಗಿಲು ತೆರೆದಾಗ ಅದರ 45 ಡಿಗ್ರಿ ಇಳಿಜಾರಿನ ತಲೆ ಪೆಟ್ಟಿಗೆಗಳ ಸಾಲಿನಲ್ಲಿ ತಟ್ಟನೆ ಕಣ್ಣಿಗೆ ಬಿತ್ತು.

ಆ ಇಳಿಜಾರು ಮೊದಲು ಅಲಂಕಾರಕ್ಕೆಂದು ಯೋಚಿಸಿದ್ದಲ್ಲ. ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತಾರಸಿಗಳಿರುವ ಮನೆಗಳನ್ನು ಕಟ್ಟುವ ಆಲೋಚನೆ ಇತ್ತು. ಅದು ಕೈಗೂಡಲಿಲ್ಲ. ಆಮೇಲೆ ತೈಲ ಬಿಕ್ಕಟ್ಟಿನ ಕಾಲದಲ್ಲಿ ಆ ಇಳಿಜಾರಿನ ಮೇಲೆ ಸೌರಫಲಕ ಹಾಕುವ ಯೋಚನೆ ಬಂತು. ಲೆಕ್ಕ ಹಾಕಿದಾಗ ಖರ್ಚಿಗೆ ತಕ್ಕ ಲಾಭವಿಲ್ಲ ಎಂದು ಅದನ್ನೂ ಕೈಬಿಟ್ಟರು. ಉಳಿದದ್ದು ಆಕಾರ ಮಾತ್ರ. ಅದೇ ಕಟ್ಟಡದ ಗುರುತಾಯಿತು.

ಚರ್ಚ್ ಹಾಕಿದ ಷರತ್ತು

ಸಿಟಿಕಾರ್ಪ್‌ಗೆ ಬೇಕಿದ್ದ ಜಾಗದ ಒಂದು ಮೂಲೆಯಲ್ಲಿ ಸೇಂಟ್ ಪೀಟರ್ಸ್ ಲುಥೆರನ್ ಚರ್ಚ್ ಇತ್ತು. ಜಾಝ್ ಸಂಗೀತಗಾರರ ಚರ್ಚ್ ಎಂದೇ ಅದಕ್ಕೆ ಹೆಸರು. ಚರ್ಚ್‌ನವರು ಜಾಗ ಕೊಡಲು ಒಪ್ಪಿದರು. ಆದರೆ ಅದೇ ಮೂಲೆಯಲ್ಲಿ ತಮಗೆ ಹೊಸ ಚರ್ಚ್ ಕಟ್ಟಿಕೊಡಬೇಕು, ಅದು ಬ್ಯಾಂಕಿನ ಕಟ್ಟಡಕ್ಕೆ ಅಂಟಿಕೊಳ್ಳದೆ ಸ್ವತಂತ್ರವಾಗಿ ನಿಲ್ಲಬೇಕು, ಬ್ಯಾಂಕಿನ ಕಂಬಗಳು ಚರ್ಚ್ ಒಳಗೆ ಹಾದುಹೋಗಕೂಡದು ಎಂದು ಷರತ್ತು ಹಾಕಿದರು.

ಮದುವೆ ಚಪ್ಪರ ಹಾಕುವವರಿಗೂ ಗೊತ್ತು, ಮೊದಲ ಕಂಬಗಳನ್ನು ನೆಡುವುದು ನಾಲ್ಕು ಮೂಲೆಗಳಲ್ಲಿ. ಇಲ್ಲಿ ಒಂದು ಮೂಲೆ ಚರ್ಚ್‌ಗೆ ಹೋಯಿತು. ಹಾಗಾದರೆ ಕಂಬ ಎಲ್ಲಿ?

ಸ್ಟ್ರಕ್ಚರಲ್ ಎಂಜಿನಿಯರ್ ವಿಲಿಯಂ ಲೆಮೆಷರ್ ಇದಕ್ಕೆ ಕೊಟ್ಟ ಉತ್ತರ ಯಾರೂ ಊಹಿಸದಂತಹದು. ಕಂಬಗಳನ್ನು ಮೂಲೆಗಳಿಂದ ತೆಗೆದು ನಾಲ್ಕೂ ಬದಿಗಳ ನಟ್ಟನಡುವೆ ಇಟ್ಟರು. ಒಂದೊಂದು ಕಂಬದ ಎತ್ತರ ಸುಮಾರು 114 ಅಡಿ, ಒಂಬತ್ತು ಮಹಡಿಯಷ್ಟು. ನಡುವೆ ಲಿಫ್ಟ್‌ಗಳಿರುವ ಗಟ್ಟಿ ತಿರುಳು. ಅದರ ಮೇಲೆ ಇಡೀ ಕಟ್ಟಡ ಕೂತಿದೆ. ನಾಲ್ಕೂ ಮೂಲೆಗಳು ಗಾಳಿಯಲ್ಲಿ ಚಾಚಿಕೊಂಡಿವೆ. ಅಂತಹ ಒಂದು ಮೂಲೆಯ ಕೆಳಗೇ ಹೊಸ ಚರ್ಚ್ ತನ್ನ ಪಾಡಿಗೆ ತಾನು ನಿಂತಿದೆ.

ಮೂಲೆಗಳ ಭಾರವನ್ನು ನಡುಗಂಬಕ್ಕೆ ತಲುಪಿಸಬೇಕಲ್ಲ? ಅದಕ್ಕಾಗಿ ಪ್ರತಿ ಬದಿಯಲ್ಲಿ ಇಂಗ್ಲಿಷ್‌ನ 'ವಿ' ಅಕ್ಷರದ ಆಕಾರದಲ್ಲಿ ಓರೆಯಾಗಿ ಉಕ್ಕಿನ ತೊಲೆಗಳನ್ನು ಜೋಡಿಸಿದರು. ಎಂಟೆಂಟು ಮಹಡಿಗೆ ಒಂದರಂತೆ ಈ 'ವಿ'ಗಳು ಒಂದರ ಮೇಲೊಂದು ಏರುತ್ತವೆ. ಮೂಲೆಯ ಭಾರವೂ ಗಾಳಿಯ ಒತ್ತಡವೂ ಇವುಗಳ ಮೂಲಕ ನಡುಗಂಬಕ್ಕೆ ಇಳಿಯುತ್ತವೆ. ಹೊರಗಿನ ಅಲ್ಯೂಮಿನಿಯಂ ಹೊದಿಕೆಯ ಹಿಂದೆ ಮರೆಯಾಗಿರುವುದರಿಂದ ರಸ್ತೆಯಲ್ಲಿ ನಿಂತವರಿಗೆ ಅವು ಕಾಣುವುದಿಲ್ಲ.

ತೂಗಾಟ ತಡೆಯುವ 400 ಟನ್ ಕಾಂಕ್ರೀಟ್

ಈ ಚೌಕಟ್ಟು ಬಹಳ ಹಗುರ. ಹಗುರವಾದಷ್ಟೂ ಉಕ್ಕು ಉಳಿಯುತ್ತದೆ, ಆದರೆ ಗಾಳಿಗೆ ತೂಗಾಟ ಹೆಚ್ಚುತ್ತದೆ. ಕಟ್ಟಡ ಬೀಳದಿದ್ದರೂ ಮೇಲಿನ ಮಹಡಿಯಲ್ಲಿ ಕೂತವರಿಗೆ ತಲೆಸುತ್ತು ಬರಬಹುದು.

ಅದಕ್ಕೆ ಪರಿಹಾರವಾಗಿ ಓರೆ ತಲೆಯ ಒಳಗೆ ಸುಮಾರು 400 ಟನ್ ತೂಕದ ಕಾಂಕ್ರೀಟ್ ದಿಮ್ಮಿಯೊಂದನ್ನು ಇಟ್ಟರು. ಅದು ಎಣ್ಣೆಯ ತೆಳು ಪದರದ ಮೇಲೆ ತೇಲುತ್ತದೆ, ಸ್ಪ್ರಿಂಗ್‌ಗಳಿಗೆ ಜೋಡಿಸಿರುತ್ತದೆ. ಕಟ್ಟಡ ಒಂದು ಕಡೆಗೆ ವಾಲಿದಾಗ ದಿಮ್ಮಿ ತಡವಾಗಿ ಚಲಿಸಿ ವಿರುದ್ಧ ದಿಕ್ಕಿಗೆ ಎಳೆಯುತ್ತದೆ. ತೂಗಾಟ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಇದರ ಹೆಸರು ಟ್ಯೂನ್ಡ್ ಮಾಸ್ ಡ್ಯಾಂಪರ್. ತೈವಾನ್‌ನ ತೈಪೆ 101 ಕಟ್ಟಡದಲ್ಲಿ ಪ್ರವಾಸಿಗರು ನೋಡಲು ಸಾಲುಗಟ್ಟುವ ದೊಡ್ಡ ಚಿನ್ನದ ಬಣ್ಣದ ಗುಂಡು ಕೂಡ ಇದೇ ಜಾತಿಯದು.

ಆದರೆ ಸಿಟಿಕಾರ್ಪ್‌ನ ಡ್ಯಾಂಪರ್‌ಗೆ ಒಂದು ಮಿತಿ ಇತ್ತು. ದಿಮ್ಮಿಯನ್ನು ಎಣ್ಣೆಯ ಮೇಲೆ ತೇಲಿಸಲು ಪಂಪ್ ಬೇಕು, ಪಂಪ್‌ಗೆ ವಿದ್ಯುತ್ ಬೇಕು. ಬಿರುಗಾಳಿ ಬೀಸಿದಾಗ ಮೊದಲು ಹೋಗುವುದೇ ಕರೆಂಟು. 1977ರ ಜುಲೈನಲ್ಲಿ ಇಡೀ ನ್ಯೂಯಾರ್ಕ್ ಕತ್ತಲಲ್ಲಿ ಮುಳುಗಿದ್ದು ಜನರ ನೆನಪಿನಲ್ಲಿ ಇನ್ನೂ ಹಸಿಯಾಗಿತ್ತು.

ವಿದ್ಯಾರ್ಥಿನಿ ಕೇಳಿದ ಪ್ರಶ್ನೆ

1978ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿದ್ಯಾರ್ಥಿನಿ ಡಯಾನ್ ಹಾರ್ಟ್ಲಿ ತಮ್ಮ ಪದವಿ ಪ್ರಬಂಧಕ್ಕೆ ಈ ಕಟ್ಟಡವನ್ನು ಆರಿಸಿಕೊಂಡಿದ್ದರು. ಗಾಳಿ ಕಟ್ಟಡದ ಮುಖಕ್ಕೆ ನೇರವಾಗಿ ಬಡಿಯದೆ ಮೂಲೆಗೆ ಬಡಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದಾಗ ಒತ್ತಡ ಜಾಸ್ತಿ ಬಂತು. ಲೆಮೆಷರ್ ಅವರ ಸಂಸ್ಥೆಯ ಎಂಜಿನಿಯರ್ ಒಬ್ಬರನ್ನು ವಿಚಾರಿಸಿದಾಗ ಚಿಂತೆ ಬೇಡ ಎಂಬ ಉತ್ತರ ಬಂತು. ಆಕೆ ಪ್ರಬಂಧ ಸಲ್ಲಿಸಿ ಸುಮ್ಮನಾದರು.

ವಿದ್ಯಾರ್ಥಿಯೊಬ್ಬರಿಂದ ಬಂದ ಪ್ರಶ್ನೆಯೇ ತಮ್ಮನ್ನು ಮರುಲೆಕ್ಕಕ್ಕೆ ಹಚ್ಚಿತು ಎಂದು ಲೆಮೆಷರ್ ಆಮೇಲೆ ಹೇಳಿದರು. ಆದರೆ ಆ ವಿದ್ಯಾರ್ಥಿಯ ಹೆಸರು ಅವರಿಗೆ ನೆನಪಿರಲಿಲ್ಲ. ಆ ಕರೆ ತನ್ನದೆಂದು ಇನ್ನೊಬ್ಬ ಎಂಜಿನಿಯರ್ ಕೂಡ ಬಹಳ ವರ್ಷಗಳ ನಂತರ ಹೇಳಿಕೊಂಡಿದ್ದಾರೆ. ಹಾರ್ಟ್ಲಿ ಅವರಿಗೆ ತಮ್ಮ ಪ್ರಶ್ನೆಗೂ ಈ ಘಟನೆಗೂ ಸಂಬಂಧ ಇರಬಹುದೆಂದು ತಿಳಿದದ್ದು, ಇಡೀ ಕಥೆ ಹೊರಬಂದು ಅದರ ಬಗ್ಗೆ ಸಾಕ್ಷ್ಯಚಿತ್ರ ನೋಡಿದ ಮೇಲೆ.

ಮೂಲೆಗೆ ಬಡಿಯುವ ಗಾಳಿ ಏಕೆ ಅಪಾಯಕಾರಿ?

ಕಂಬಗಳು ಮೂಲೆಯಲ್ಲಿರುವ ಮಾಮೂಲಿ ಕಟ್ಟಡಕ್ಕೆ ಮುಖಕ್ಕೆ ನೇರವಾಗಿ ಬಡಿಯುವ ಗಾಳಿಯೇ ಹೆಚ್ಚು ಕಷ್ಟದ್ದು ಎಂಬುದು ಆಗಿನ ತಿಳಿವಳಿಕೆ. ನ್ಯೂಯಾರ್ಕ್‌ನ ಕಟ್ಟಡ ನಿಯಮಗಳು ಕೇಳುತ್ತಿದ್ದದ್ದೂ ಅದೊಂದೇ ಲೆಕ್ಕವನ್ನು. ಲೆಮೆಷರ್ ಅದನ್ನು ಸರಿಯಾಗಿಯೇ ಮಾಡಿದ್ದರು.

ಆದರೆ ಇಲ್ಲಿ ಕಂಬಗಳಿರುವುದು ಬದಿಗಳ ನಡುವೆ. ಗಾಳಿ ಮೂಲೆಗೆ ಬಡಿದಾಗ ಒಟ್ಟಿಗೆ ಎರಡು ಮುಖಗಳ ಮೇಲೆ ಒತ್ತುತ್ತದೆ. ಆಗ ಪ್ರತಿ ಹಂತದ ಎಂಟು ಓರೆ ತೊಲೆಗಳ ಪೈಕಿ ನಾಲ್ಕರ ಮೇಲೆ ಎರಡೂ ದಿಕ್ಕಿನ ಒತ್ತಡ ಕೂಡಿಕೊಳ್ಳುತ್ತದೆ. ಆ ತೊಲೆಗಳ ಮೇಲಿನ ಒತ್ತಡ ಶೇ 40ರಷ್ಟು ಹೆಚ್ಚುತ್ತದೆ ಎಂಬುದು ಲೆಮೆಷರ್ ಅವರ ಮರುಲೆಕ್ಕ.

ಶೇ 40 ಮಾತ್ರವಾಗಿದ್ದರೆ ಆತಂಕಕ್ಕೆ ಕಾರಣವಿರಲಿಲ್ಲ. ಮೂಲ ವಿನ್ಯಾಸದಲ್ಲಿ ತೊಲೆಗಳನ್ನು ಒಂದಕ್ಕೊಂದು ಪೂರ್ತಿಯಾಗಿ ವೆಲ್ಡ್ ಮಾಡಬೇಕು ಎಂದಿತ್ತು. ವೆಲ್ಡಿಂಗ್ ದುಬಾರಿ, ಸಮಯವೂ ಹೆಚ್ಚು. ಹಾಗಾಗಿ ನಿರ್ಮಾಣದ ವೇಳೆ ಅದರ ಬದಲು ಬೋಲ್ಟ್ ಹಾಕಲು ಗುತ್ತಿಗೆದಾರರು ಕೇಳಿದ್ದರು. ಲೆಮೆಷರ್ ಸಂಸ್ಥೆಯ ನ್ಯೂಯಾರ್ಕ್ ಕಚೇರಿ ಒಪ್ಪಿಗೆ ಕೊಟ್ಟಿತ್ತು. ನಿಯಮದ ಪ್ರಕಾರ ಅದು ತಪ್ಪಲ್ಲ. ಆದರೆ ಬೋಲ್ಟ್‌ಗಳ ಸಂಖ್ಯೆ ನಿರ್ಧರಿಸುವಾಗ ಮೂಲೆಯ ಗಾಳಿಯನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಬೋಲ್ಟ್ ಹಾಕಿದ ವಿಷಯ ಲೆಮೆಷರ್ ಅವರಿಗೆ ತಿಳಿದದ್ದೂ 1978ರಲ್ಲೇ.

ಬೋಲ್ಟ್ ಇರುವ ಜಾಗದಲ್ಲಿ ಲೆಕ್ಕ ಬೇರೆಯೇ ಆಗುತ್ತದೆ. ಕಟ್ಟಡದ ಭಾರ ಜೋಡಣೆಯನ್ನು ಸದಾ ಕೆಳಕ್ಕೆ ಅದುಮಿ ಹಿಡಿದಿರುತ್ತದೆ, ಗಾಳಿ ಅದನ್ನು ಬಿಡಿಸಲು ಎಳೆಯುತ್ತದೆ. ಇವೆರಡರ ವ್ಯತ್ಯಾಸವನ್ನು ಮಾತ್ರ ಬೋಲ್ಟ್ ತಡೆಯಬೇಕು. ಸುಲಭವಾಗಿ ಅರ್ಥವಾಗಲು ಒಂದು ಉದಾಹರಣೆ ತೆಗೆದುಕೊಳ್ಳೋಣ. ಗಾಳಿಯ ಎಳೆತ 100, ಭಾರದ ಅದುಮುವಿಕೆ 75 ಎಂದುಕೊಂಡರೆ ಬೋಲ್ಟ್ ತಡೆಯಬೇಕಾದದ್ದು 25. ಗಾಳಿಯ ಎಳೆತ ಶೇ 40ರಷ್ಟು ಹೆಚ್ಚಿ 140 ಆಯಿತು ಎನ್ನಿ. ಕಟ್ಟಡದ ಭಾರ ಹೆಚ್ಚುವುದಿಲ್ಲ, ಅದು 75 ಆಗಿಯೇ ಉಳಿಯುತ್ತದೆ. ಈಗ ಬೋಲ್ಟ್ ತಡೆಯಬೇಕಾದದ್ದು 65. ಅಂದರೆ ಶೇ 160ರಷ್ಟು ಏರಿಕೆ. ಸಿಟಿಕಾರ್ಪ್ ಜೋಡಣೆಗಳ ವಿಷಯದಲ್ಲಿ ಲೆಮೆಷರ್ ಅವರಿಗೆ ಸಿಕ್ಕ ಅಂಕಿಯೂ ಇದೇ, ಶೇ 160.

16 ವರ್ಷಕ್ಕೊಮ್ಮೆ ಬರುವ ಬಿರುಗಾಳಿ

ಕೆನಡಾದ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದಲ್ಲಿ ಗಾಳಿ ಪರೀಕ್ಷೆಯ ತಜ್ಞ ಆ್ಯಲನ್ ಡೇವನ್‌ಪೋರ್ಟ್ ಅವರ ಪ್ರಯೋಗಾಲಯವಿತ್ತು. ಕಟ್ಟಡದ ಮಾದರಿಯನ್ನು ಮೊದಲು ಪರೀಕ್ಷಿಸಿದ್ದೂ ಅಲ್ಲೇ. ಲೆಮೆಷರ್ ಅಲ್ಲಿಗೆ ಹೋಗಿ ಫಲಿತಾಂಶಗಳನ್ನು ಮತ್ತೆ ನೋಡಿದರು. ಪರಿಸ್ಥಿತಿ ಊಹೆಗಿಂತ ಕೆಟ್ಟದಾಗಿತ್ತು.

ಅತಿ ದುರ್ಬಲ ಜೋಡಣೆ ಇದ್ದದ್ದು 30ನೇ ಮಹಡಿಯಲ್ಲಿ. ಅದನ್ನು ಮುರಿಯಬಲ್ಲ ಬಿರುಗಾಳಿ ನ್ಯೂಯಾರ್ಕ್‌ಗೆ ಸರಾಸರಿ 16 ವರ್ಷಕ್ಕೊಮ್ಮೆ ಬರುತ್ತದೆ ಎಂಬ ತೀರ್ಮಾನಕ್ಕೆ ಅವರು ಬಂದರು. ಡ್ಯಾಂಪರ್ ಚಾಲೂ ಇದ್ದರೆ ಇದು 55 ವರ್ಷಕ್ಕೊಮ್ಮೆ. ಒಂದು ಜೋಡಣೆ ಹೋದರೆ ಉಳಿದವೂ ಸರಣಿಯಾಗಿ ಹೋಗುವ ಸಂಭವವಿತ್ತು.

ಜುಲೈ ಮುಗಿಯುತ್ತಾ ಬಂದಿತ್ತು. ಅಟ್ಲಾಂಟಿಕ್ ಕರಾವಳಿಯಲ್ಲಿ ಚಂಡಮಾರುತಗಳ ಋತು ಬಿರುಸಾಗುವ ಹೊತ್ತು. ಲೆಮೆಷರ್ ಮೇನ್ ರಾಜ್ಯದ ಕೆರೆಯೊಂದರ ನಡುವಿನ ತಮ್ಮ ಮನೆಯಲ್ಲಿ ಒಬ್ಬರೇ ಕೂತು ಯೋಚಿಸಿದರು. ಬಾಯಿ ಮುಚ್ಚಿಕೊಂಡಿರಬಹುದಿತ್ತು. ಹೇಳಿದರೆ ಮೊಕದ್ದಮೆ, ದಿವಾಳಿ, ಹೆಸರು ಹಾಳು. ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂದಿತ್ತು ಎಂದು ಅವರೇ ನಂತರ ಹೇಳಿದ್ದುಂಟು. ಕೊನೆಗೆ ಅವರು ಆರಿಸಿಕೊಂಡದ್ದು ಸತ್ಯ ಹೇಳುವ ದಾರಿ. ವಾಸ್ತುಶಿಲ್ಪಿ, ವಕೀಲರು, ವಿಮಾ ಕಂಪನಿಗಳಿಗೆ ತಿಳಿಸಿ, ಬ್ಯಾಂಕಿನ ಮುಖ್ಯಸ್ಥ ವಾಲ್ಟರ್ ರಿಸ್ಟನ್ ಅವರ ಮುಂದೆ ವಿಷಯ ಇಟ್ಟರು. ರಿಸ್ಟನ್ ದೂಷಿಸುತ್ತಾ ಕೂರದೆ ರಿಪೇರಿಗೆ ಒಪ್ಪಿದರು.

ಹಗಲು ಕಚೇರಿ, ರಾತ್ರಿ ವೆಲ್ಡಿಂಗ್

ರಿಪೇರಿಯ ದಾರಿ ಸರಳವಾಗಿತ್ತು. 200ಕ್ಕೂ ಹೆಚ್ಚು ಬೋಲ್ಟ್ ಜೋಡಣೆಗಳ ಮೇಲೆ ಎರಡು ಇಂಚು ದಪ್ಪ, ಆರು ಅಡಿ ಉದ್ದದ ಉಕ್ಕಿನ ಪಟ್ಟಿಗಳನ್ನು ಇಟ್ಟು ವೆಲ್ಡ್ ಮಾಡಿದರೆ ಸಾಕು. ಕಚೇರಿಯ ಒಳಗೆ ಗೋಡೆಯ ಹೊದಿಕೆ ಬಿಚ್ಚಿದರೆ ಜೋಡಣೆ ಕೈಗೆ ಸಿಗುತ್ತಿತ್ತು.

ಕೆಲಸ ಆಗಸ್ಟ್‌ನಲ್ಲಿ ಶುರುವಾಯಿತು. ಸಂಜೆ ನೌಕರರು ಮನೆಗೆ ಹೋದ ಮೇಲೆ ಬಡಗಿಗಳು ಪ್ಲೈವುಡ್ ಗೂಡು ಕಟ್ಟಿ ಗೋಡೆ ಬಿಚ್ಚುತ್ತಿದ್ದರು. ರಾತ್ರಿಯಿಡೀ ವೆಲ್ಡಿಂಗ್. ಬೆಳಗಾಗುವ ಮುನ್ನ ಎಲ್ಲ ಗುಡಿಸಿ ಸ್ವಚ್ಛ. ಮರುದಿನ ನೌಕರರು ಬಂದು ಅದೇ ಮೇಜಿನಲ್ಲಿ ಕೂರುತ್ತಿದ್ದರು. ಡ್ಯಾಂಪರ್ ನಿಲ್ಲದಂತೆ ಕಾಯಲು ತಂತ್ರಜ್ಞರು, ಗಾಳಿಯ ಮುನ್ಸೂಚನೆ ಕೊಡಲು ಹವಾಮಾನ ತಜ್ಞರು ನೇಮಕವಾದರು. ಸುತ್ತಲಿನ ಹತ್ತು ಬ್ಲಾಕ್‌ಗಳಷ್ಟು ಪ್ರದೇಶ ಖಾಲಿ ಮಾಡಿಸುವ ಯೋಜನೆ ರೆಡ್ ಕ್ರಾಸ್ ನೆರವಿನಿಂದ ಸಿದ್ಧವಾಯಿತು. ನಗರಾಡಳಿತದ ಅಧಿಕಾರಿಗಳಿಗೂ ವಿಷಯ ಗೊತ್ತಿತ್ತು.

ಜನರಿಗೆ ಹೇಳಿದ್ದು ಮಾತ್ರ ಬೇರೆ. ಗಾಳಿಯ ಬಗ್ಗೆ ಹೊಸ ಮಾಹಿತಿ ಸಿಕ್ಕಿದ್ದರಿಂದ ಮುನ್ನೆಚ್ಚರಿಕೆಯಾಗಿ ಕೆಲವು ಜೋಡಣೆ ಬಲಪಡಿಸಲಾಗುತ್ತಿದೆ, ಅಪಾಯವೇನಿಲ್ಲ ಎಂಬರ್ಥದ ಪತ್ರಿಕಾ ಹೇಳಿಕೆ ಹೊರಬಿತ್ತು. ಪತ್ರಕರ್ತರು ಕೆದಕುವ ಮೊದಲೇ, ಆಗಸ್ಟ್ 10ರಂದು ನ್ಯೂಯಾರ್ಕ್‌ನ ಪ್ರಮುಖ ದಿನಪತ್ರಿಕೆಗಳು ಮುಷ್ಕರದಿಂದ ನಿಂತುಹೋದವು. ಮುಷ್ಕರ ಮುಗಿದದ್ದು ನವೆಂಬರ್‌ನಲ್ಲಿ. ಅಷ್ಟರಲ್ಲಿ ರಿಪೇರಿಯೂ ಮುಗಿದಿತ್ತು.

ನಡುವೆ ಒಮ್ಮೆ ಎಲ್ಲರ ಜೀವ ಬಾಯಿಗೆ ಬಂದಿತ್ತು. ಸೆಪ್ಟೆಂಬರ್ ಆರಂಭದಲ್ಲಿ 'ಎಲ್ಲಾ' ಹೆಸರಿನ ಚಂಡಮಾರುತ ಅಮೆರಿಕದ ಪೂರ್ವ ಕರಾವಳಿಯತ್ತ ಬಂತು. ಮುಖ್ಯ ಜೋಡಣೆಗಳ ಕೆಲಸ ಆಗಿತ್ತಾದರೂ ಪೂರ್ತಿಯಾಗಿರಲಿಲ್ಲ. ಅದೃಷ್ಟಕ್ಕೆ ಚಂಡಮಾರುತ ದಿಕ್ಕು ಬದಲಿಸಿ ಸಮುದ್ರದ ಕಡೆಗೆ ಸರಿಯಿತು. ಅಕ್ಟೋಬರ್ ಹೊತ್ತಿಗೆ ವೆಲ್ಡಿಂಗ್ ಮುಗಿದಾಗ ಕಟ್ಟಡ 700 ವರ್ಷಕ್ಕೊಮ್ಮೆ ಬರುವ ಬಿರುಗಾಳಿಯನ್ನೂ ತಡೆಯುವಷ್ಟು ಗಟ್ಟಿಯಾಗಿತ್ತು ಎಂಬುದು ಎಂಜಿನಿಯರ್‌ಗಳ ಲೆಕ್ಕ.

ಶಹಬ್ಬಾಸ್‌ಗಿರಿ ಸರಿ, ಮೌನ?

1995ರ ಮೇ ತಿಂಗಳಲ್ಲಿ 'ದಿ ನ್ಯೂಯಾರ್ಕರ್' ವಾರಪತ್ರಿಕೆಯಲ್ಲಿ ಜೋ ಮೊರ್ಗೆನ್‌ಸ್ಟರ್ನ್ ಬರೆದ ಲೇಖನದಿಂದ ಇದೆಲ್ಲ ಬಯಲಾಯಿತು. ಲೆಮೆಷರ್ ಅವರೇ ಎಲ್ಲವನ್ನೂ ವಿವರಿಸಿದ್ದರು. ತನ್ನ ತಪ್ಪನ್ನು ತಾನೇ ಹುಡುಕಿ, ತಾನೇ ಹೇಳಿ, ತಾನೇ ಸರಿಪಡಿಸಿದ ಎಂಜಿನಿಯರ್ ಎಂದು ಅವರನ್ನು ಬಹಳ ಮಂದಿ ಹೊಗಳಿದರು. ಎಂಜಿನಿಯರಿಂಗ್ ನೀತಿಪಾಠದಲ್ಲಿ ಈ ಪ್ರಕರಣ ಮಾದರಿಯಾಯಿತು. 2007ರಲ್ಲಿ ಅವರು ತೀರಿಕೊಂಡರು.

ಆದರೆ ಇನ್ನೊಂದು ಮುಖವೂ ಇದೆ. ಆ ಮೂರು ತಿಂಗಳು ಕಟ್ಟಡದಲ್ಲಿ ದುಡಿದವರಿಗೆ, ಕೆಳಗಿನ ಚರ್ಚ್‌ಗೆ ಬಂದುಹೋದವರಿಗೆ, ಅಕ್ಕಪಕ್ಕದ ಮನೆಗಳವರಿಗೆ ತಮ್ಮ ತಲೆಯ ಮೇಲಿನ ಅಪಾಯ ಗೊತ್ತಿರಲಿಲ್ಲ. ಇರಬೇಕೇ, ಹೋಗಬೇಕೇ ಎಂದು ನಿರ್ಧರಿಸುವ ಅವಕಾಶವೇ ಅವರಿಗೆ ಸಿಗಲಿಲ್ಲ. ಗಾಬರಿಯಾಗಿ ನೂಕುನುಗ್ಗಲು ಆಗದಿರಲಿ ಎಂಬುದು ಮೌನಕ್ಕೆ ಕೊಡುವ ಸಮರ್ಥನೆ. ರಿಪೇರಿ ಮುಗಿದ ಮೇಲೂ 17 ವರ್ಷ ಸುಮ್ಮನಿದ್ದದ್ದಕ್ಕೆ ಆ ಸಮರ್ಥನೆ ಸಾಲುವುದಿಲ್ಲ. ಅಷ್ಟು ಕಾಲ ಉಳಿದ ಎಂಜಿನಿಯರ್‌ಗಳಿಗೂ ಈ ಪಾಠ ಸಿಗಲಿಲ್ಲ ಎಂದು ಟೀಕಾಕಾರರು ಬೊಟ್ಟು ಮಾಡುತ್ತಾರೆ.

ಅಪಾಯ ಎಷ್ಟಿತ್ತು ಎಂಬುದೂ ಈಗ ಚರ್ಚೆಯ ವಿಷಯ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಾದ ನಿಸ್ಟ್‌ನ ಸಂಶೋಧಕರು 2019ರಲ್ಲಿ ಇದೇ ಬಗೆಯ ಕಟ್ಟಡವನ್ನು ಕಂಪ್ಯೂಟರ್ ಮಾದರಿಯಲ್ಲಿ ಪರೀಕ್ಷಿಸಿದರು. ಮೂಲೆಗೆ ಬಡಿಯುವ ಗಾಳಿ ಮುಖಕ್ಕೆ ಬಡಿಯುವ ಗಾಳಿಗಿಂತ ಹೆಚ್ಚು ಅಪಾಯಕಾರಿ ಎಂದು ಅದರಲ್ಲಿ ಕಂಡುಬರಲಿಲ್ಲ. ಹಾಗೆಂದು 1978ರ ನಿರ್ಧಾರ ತಪ್ಪಾಗುವುದಿಲ್ಲ. ಆಗ ಕೈಯಲ್ಲಿದ್ದ ಲೆಕ್ಕ ಅಪಾಯವಿದೆ ಎನ್ನುತ್ತಿತ್ತು. ಅದನ್ನು ಕಡೆಗಣಿಸುವಂತಿರಲಿಲ್ಲ.

ಈಗ ಹೇಗಿದೆ?

2016ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ನಗರದ ಪಾರಂಪರಿಕ ಕಟ್ಟಡ ಸಂರಕ್ಷಣಾ ಆಯೋಗ ಇದನ್ನು ಸಂರಕ್ಷಿತ ಕಟ್ಟಡ ಎಂದು ಘೋಷಿಸಿತು. ಸ್ಕೈಲೈನ್‌ನಲ್ಲಿ ಅದರ ಸ್ಥಾನ ಮಾತ್ರ ಮೊದಲಿನಂತಿಲ್ಲ. ಹತ್ತಿರದಲ್ಲೇ 1,396 ಅಡಿ ಎತ್ತರದ 432 ಪಾರ್ಕ್ ಅವೆನ್ಯೂ, ದಕ್ಷಿಣಕ್ಕೆ 1,401 ಅಡಿಯ ಒನ್ ವಾಂಡರ್‌ಬಿಲ್ಟ್ ಎದ್ದಿವೆ. ಇವುಗಳ ಮುಂದೆ 915 ಅಡಿ ಗಿಡ್ಡವೇ. ಆದರೂ ಆ ಓರೆ ತಲೆಯನ್ನು ಬೇರೆ ಕಟ್ಟಡವೆಂದು ಯಾರೂ ತಪ್ಪು ತಿಳಿಯುವುದಿಲ್ಲ.

ಇಂದು ಇಷ್ಟು ಎತ್ತರದ ಕಟ್ಟಡ ಕಟ್ಟುವಾಗ ಮಾದರಿಯನ್ನು ಸುತ್ತ ತಿರುಗಿಸುತ್ತಾ ಎಲ್ಲ ದಿಕ್ಕಿನ ಗಾಳಿಗೂ ಪರೀಕ್ಷಿಸುವುದು ರೂಢಿ. ನಿಯಮ ಪುಸ್ತಕ ಕೇಳಿದಷ್ಟೇ ಲೆಕ್ಕ ಮಾಡಿದರೆ ಸಾಲದು, ಹೊಸ ಆಕಾರಕ್ಕೆ ಹೊಸ ಪ್ರಶ್ನೆ ಕೇಳಬೇಕು ಎಂಬುದು ಸಿಟಿಕಾರ್ಪ್ ಕಲಿಸಿದ ಮೊದಲ ಪಾಠ. ಕಾಗದದ ಮೇಲಿನ ವೆಲ್ಡಿಂಗ್ ಸ್ಥಳದಲ್ಲಿ ಬೋಲ್ಟ್ ಆಗುವಂತಹ ಸಣ್ಣ ಬದಲಾವಣೆಯೂ ಮುಖ್ಯ ಎಂಜಿನಿಯರ್ ಕಣ್ಣಿಗೆ ಬೀಳಬೇಕು ಎಂಬುದು ಎರಡನೆಯದು. ಕಟ್ಟಡದಲ್ಲಿ ಇರುವವರಿಗೆ ಅದರ ಅಪಾಯ ತಿಳಿಯುವ ಹಕ್ಕಿದೆ ಎಂಬುದು ಮೂರನೆಯದು. ಮೊದಲೆರಡು ಪಾಠಗಳನ್ನು ಎಂಜಿನಿಯರ್‌ಗಳು ಬೇಗ ಕಲಿತರು. ಮೂರನೆಯದರ ಬಗ್ಗೆ ವಾದ ಇನ್ನೂ ನಡೆದೇ ಇದೆ.